ಬಿಡಿಸಿಕೊಳ್ಳುವ ವಿದ್ಯೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಅಂತಲೇ ಕರೆಯುತ್ತಿದ್ದರು. ವಯಸ್ಸು ಐವತ್ತರ ಹತ್ತಿರ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮೊದಲೆಲ್ಲ ಚಾದರ ಮಡಚಲು ಇಬ್ಬರಿದ್ದರು. ಆ ತುದಿಗೆ ಒಬ್ಬಳು, ಈ ತುದಿಗೆ ಇವಳು. ಕೊಡವಿ, ಎಳೆದು, ನಡೆದು ಬಂದು ತುದಿಗೆ ತುದಿ ಸೇರಿಸುವುದು, ನಡುನಡುವೆ ಊರವರ ಸುದ್ದಿಯೆಲ್ಲ. ಆಮೇಲೆ ಆ ಜೊತೆಯವಳು ಕೆಲಸ ಬಿಟ್ಟಳು, ಅವಳ ಜಾಗಕ್ಕೆ ಗೋಡೆಯಲ್ಲಿ ಎರಡು ಕೊಕ್ಕೆ ಬಂದವು. ಕೊಕ್ಕೆ ರಜೆ ಕೇಳಲ್ಲ, ಸಂಬಳ ಕೇಳಲ್ಲ, ಒಪ್ಪಿದೆ. ಆದರೆ "ಯಾಕೆ ಇವತ್ತು ಸಪ್ಪಗಿದ್ದೀಯ" ಅಂತಲೂ ಕೇಳಲ್ಲವಲ್ಲ.

ಮನೆಗೆ ಹೋದರೆ ಅಲ್ಲೂ ಅಷ್ಟೇ. ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಗಂಡ ಎಂದೋ ಬಿಟ್ಟುಹೋಗಿದ್ದ. ಬೆನ್ನಿಗೆ ಹುಟ್ಟಿದ ತಂಗಿ ಇದೇ ಊರಲ್ಲಿದ್ದಳು, ಮಾತಿರಲಿಲ್ಲ. ಅಮ್ಮ ತೀರಿಕೊಂಡ ದಿನ ಇಸ್ತ್ರಿಯಕ್ಕ ತಡವಾಗಿ ತಲುಪಿದ್ದಳು. ಹಾಸಿಗೆ ಹಿಡಿದ ಅಮ್ಮನನ್ನು ಒಬ್ಬಳೇ ನೋಡಿಕೊಂಡು ಬೇಸತ್ತಿದ್ದ ತಂಗಿ ಬಾಗಿಲಲ್ಲೇ, "ನಿನ್ನ ಗಂಡ ಸುಮ್ಮನೆ ಬಿಟ್ಟುಹೋಗ್ಲಿಲ್ಲ ಬಿಡು" ಅಂದುಬಿಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಲ್ಲಿಂದ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ವರ್ಷಗಟ್ಟಲೆ ಹೀಗೇ ಕಳೆಯಿತು.

ಒಂದು ಸಂಜೆ ಮನೆಯ ಮೆಟ್ಟಿಲ ಬಳಿ ಯಾವನೋ ಅವಳ ಕೈ ಹಿಡಿದು ತಿರುಚಿ ಚೀಲ ಕಿತ್ತುಕೊಂಡು ಓಡಿದ. ಚೀಲದಲ್ಲಿದ್ದದ್ದು ಹಳೇ ಛತ್ರಿ, ಒಂದು ಬಾಚಣಿಗೆ. ಕಳ್ಳನ ಗ್ರಹಚಾರ. ಆದರೆ ತಾನು ಕೂಗಲೂ ಇಲ್ಲವಲ್ಲ ಅನ್ನುವುದು ಅವಳನ್ನು ಕೊರೆಯಿತು. ಹಾಗಾಗಿ ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಹಾಪ್ಕಿಡೊ ಅನ್ನುವ ಕೊರಿಯಾ ದೇಶದ ಆತ್ಮರಕ್ಷಣೆಯ ವಿದ್ಯೆ ಕಲಿಯಲು ಸೇರಿದಳು.

ಮೇಷ್ಟ್ರು ಕುಳ್ಳಗೆ, ಹೊಟ್ಟೆ ಸ್ವಲ್ಪ ಮುಂದೆ. ಇವರೇನು ಹೊಡೆದಾಟ ಕಲಿಸಿಯಾರು ಅನ್ನಿಸುವ ಆಸಾಮಿ. ಮೊದಲ ದಿನವೇ ಅವಳ ಮಣಿಕಟ್ಟು ಹಿಡಿದು, "ಈಗೇನ್ ಮಾಡ್ತೀರಿ?" ಅಂದರು.

"ಎಳ್ಕೋತೀನಿ."

"ನಾನೂ ಎಳೀತೀನಿ. ಬಲ ಇದ್ದೋನು ಗೆಲ್ತಾನೆ, ನಿಮ್ಮ ಕೈ ನೋಯುತ್ತೆ. ಇಲ್ಲಿ ಬಲಕ್ಕೆ ಬಲ ಕೊಡೋದಿಲ್ಲ ತಾಯೀ. ಹಿಡಿದವನ ಕಡೆಗೇ ಒಂದು ಹೆಜ್ಜೆ ಹೋಗಿ. ಮೊದಲು ಅವನ ಜೊತೆ ಸೇರ್ಕೊಳ್ಳಿ. ಆಮೇಲೆ ದುಂಡಗೆ ತಿರುಗಿ, ನೀರು ಕಲ್ಲನ್ನ ಬಳಸಿ ಹೋಗುತ್ತಲ್ಲ, ಹಾಗೆ. ಹೆಬ್ಬೆರಳ ಸಂದೀಲಿ ಹಿಡಿತ ತಾನಾಗೇ ಬಿಚ್ಕೊಳ್ಳುತ್ತೆ. ಸೇರೋದು, ತಿರುಗೋದು, ಹರಿಯೋದು. ಇಡೀ ವಿದ್ಯೆ ಇಷ್ಟೇ."

"ಚಾದರ ಮಡಚೋ ಹಾಗೆ," ಅಂದಳು ಇವಳು. "ಇಬ್ಬರೂ ಎಳೀತಾನೇ ನಿಂತ್ರೆ ಮಡಿಕೆ ಆಗಲ್ಲ. ಒಬ್ರು ನಡ್ಕೊಂಡು ಬರ್ಲೇಬೇಕು."

ಮೇಷ್ಟ್ರು ನಕ್ಕರು. ಅಷ್ಟು ಚೆನ್ನಾಗಿ ತಿಳಿದವಳು ತಂಗಿಯ ಮನೆಗೆ ಮಾತ್ರ ಒಂದು ಹೆಜ್ಜೆ ಇಟ್ಟಿರಲಿಲ್ಲ ನೋಡಿ. ಹೇಳೋದು ಸುಲಭ.

ಅಭ್ಯಾಸಕ್ಕೆ ಅವಳ ಜೊತೆಗಾತಿ ಒಬ್ಬ ಬಸ್ ಕಂಡಕ್ಟರಮ್ಮ. ದಪ್ಪ ಬೆರಳು, ಬೆಚ್ಚಗಿನ ಅಂಗೈ. ಆಕೆ ಮಣಿಕಟ್ಟು ಹಿಡಿದಾಗ ಇಸ್ತ್ರಿಯಕ್ಕ ಒಂದು ಕ್ಷಣ ಬಿಡಿಸಿಕೊಳ್ಳುವುದನ್ನೇ ಮರೆಯುತ್ತಿದ್ದಳು. ವಾರವಿಡೀ ಅವಳನ್ನು ಮುಟ್ಟುವವರು ಬೇರೆ ಯಾರಿದ್ದರು? ಗ್ರಹಚಾರ ಅಂದರೆ, ವಿದ್ಯೆ ಕೈಗೆ ಹತ್ತಿದಷ್ಟೂ ಆ ಹಿಡಿತ ಬೇಗ ಬಿಟ್ಟುಹೋಗುತ್ತಿತ್ತು. ಕೊನೆಗೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಕೈ ಖಾಲಿ. ಆಗ ಅವಳು ನಾಟಕ ಶುರು ಮಾಡಿದಳು. "ಅಯ್ಯೋ, ಬರ್ತಾ ಇಲ್ಲ, ಇನ್ನೊಂದ್ಸಲ ಹಿಡೀರಿ." ಕಂಡಕ್ಟರಮ್ಮ ಹಿಡಿಯುತ್ತಿದ್ದಳು. ಮೇಷ್ಟ್ರು ನೋಡಿಯೂ ನೋಡದ ಹಾಗಿದ್ದರು.

ಹೀಗಿರುವಾಗ ಸರ್ಜರಿ ವಾರ್ಡಿನ ಆಯಾ ಲಾಂಡ್ರಿಗೆ ಬಂದು, "ನಿನ್ನ ತಂಗಿ ಸೇರ್ಕೊಂಡಿದ್ದಾಳೆ. ನಾಳೆ ದೊಡ್ಡ ಆಪರೇಷನ್ನು. ನಿನ್ನ ಕೇಳ್ತಿದ್ಳು" ಅಂದಳು.

ಬರಿಗೈಲಿ ಹೋಗಲು ಮನಸ್ಸೊಪ್ಪದೆ ಇಸ್ತ್ರಿಯಕ್ಕ ಚಾದರದ ಕಟ್ಟು ಹೊತ್ತು ಹೋದಳು. ತಂಗಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಇವಳು ಮುಖ ನೋಡಲಾರದೆ, ಬಗ್ಗಿ ಹಾಸಿಗೆಯ ಸುಕ್ಕು ಎಳೆಯತೊಡಗಿದಳು. ಆಗ ತಂಗಿ ತಟಕ್ಕನೆ ಅವಳ ಮಣಿಕಟ್ಟು ಹಿಡಿದಳು.

ಮನಸ್ಸಿಗೆ ಗೊತ್ತಾಗುವ ಮೊದಲೇ ಮೈಗೆ ಗೊತ್ತಾಯಿತು. ಹೆಜ್ಜೆ ಮುಂದೆ ಹೋಯಿತು, ಸೊಂಟ ತಿರುಗಿತು, ಕೈ ಹೊರಗೆ ಬಂತು. ತರಗತಿಯಲ್ಲಿ ಒಂದು ದಿನವೂ ಅಷ್ಟು ಚೊಕ್ಕಟವಾಗಿ ಬಂದಿರಲಿಲ್ಲ. ಸುಡುಗಾಡು ವಿದ್ಯೆ.

ತಂಗಿ ತನ್ನ ಖಾಲಿ ಅಂಗೈ ನೋಡಿಕೊಂಡಳು. "ಇಷ್ಟೊಂದು ಸಿಟ್ಟಾ ಅಕ್ಕ?" ಅಂದು ಗೋಡೆ ಕಡೆ ಹೊರಳಿದಳು. "ಹಾಗಲ್ಲ ಕಣೇ" ಅಂತ ಇವಳು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಬಂದು ಹೊರಗೆ ಕಳಿಸಿದಳು.

ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ತಂಗಿ ಕೊನೆಗೆ ಕಂಡದ್ದು ಇದೇ ಆಗುತ್ತದೆ ಅನ್ನುವುದು ಅವಳ ಎದೆಯಲ್ಲಿ ಕೂತುಬಿಟ್ಟಿತು. ಸಂಜೆ ಹಾಲ್‌ಗೆ ಹೋಗಿ ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿ, "ಕಲಿತದ್ದನ್ನ ಮರೆಯೋದು ಹೇಗೆ?" ಅಂತ ಕೇಳಿದಳು.

"ಮೈ ಕಲಿತದ್ದು ಮರೆಯಲ್ಲ," ಅಂದರು ಮೇಷ್ಟ್ರು. "ಆದ್ರೆ ಪೂರ್ತಿ ಮಾಡಲೇಬೇಕು ಅಂತ ಯಾರು ಹೇಳಿದ್ರು? ಮೊದಲ ಪಾಠ ಯಾವುದು?"

"ಹಿಡಿದೋರ ಕಡೆಗೆ ಹೋಗಿ ಸೇರೋದು."

"ಅಲ್ಲೇ ನಿಂತ್ಬಿಡಿ. ತಿರುಗಬೇಡಿ. ಕಂಡಕ್ಟರಮ್ಮನ ಹತ್ರ ಇಷ್ಟು ದಿನ ಮಾಡಿದ್ದು ಅದನ್ನೇ ಅಲ್ವಾ?"

ಅವಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮಾರನೇ ದಿನ ಆಪರೇಷನ್ ಮುಗಿಯುವವರೆಗೆ ಒಂದು ಚಾದರವೂ ನೆಟ್ಟಗೆ ಮಡಿಕೆಯಾಗಲಿಲ್ಲ. ಮಧ್ಯಾಹ್ನ ತಂಗಿಯನ್ನು ವಾರ್ಡಿಗೆ ತಂದರು. ಇಸ್ತ್ರಿಯಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತು, ತನ್ನ ಮಣಿಕಟ್ಟನ್ನು ತಂಗಿಯ ತೆರೆದ ಅಂಗೈಯಲ್ಲಿಟ್ಟು ಕಾದಳು. ತುಂಬಾ ಹೊತ್ತಿನ ಮೇಲೆ ಬೆರಳುಗಳು ಮುಚ್ಚಿಕೊಂಡವು. ಇವಳ ಕಾಲು ತಾನಾಗೇ ಮುಂದೆ ಸರಿಯಿತು. ಸರಿಯಲು ಬಿಟ್ಟಳು, ಮೊಣಕಾಲು ಮಂಚಕ್ಕೆ ತಾಗುವವರೆಗೆ. ಸೊಂಟ ತಿರುಗಲು ಹವಣಿಸಿತು. ಹಲ್ಲು ಕಚ್ಚಿ ನಿಲ್ಲಿಸಿದಳು.

ತಂಗಿ ಕಣ್ಣು ತೆರೆಯದೆ, ತೊದಲುತ್ತಾ ಕೇಳಿದಳು. "ಬಿಡಿಸ್ಕೊಳ್ಳಲ್ವಾ?"

"ನನಗದು ಬರಲ್ಲ ಕಣೇ," ಅಂದಳು ಇಸ್ತ್ರಿಯಕ್ಕ. "ಎಷ್ಟು ಹೇಳ್ಕೊಟ್ರೂ ಬರ್ತಾ ಇಲ್ಲ."