ತೊಂಬತ್ತೇಳು ಡಿಗ್ರಿ

ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ವಿಜ್ಞಾನಿ ಆಕೆ. ಹೈಸ್ಕೂಲಿನ ಮಕ್ಕಳ ಬಾಯಲ್ಲಿ ನೀರಮ್ಮ. ಕೋಪವೋ, ಮೂಗಿನ ತುದಿಯಲ್ಲೇ. "ನಿನ್ನ ಪಕ್ಕ ಇಟ್ರೆ ನೀರು ಒಲೆ ಇಲ್ದೇನೇ ಕುದಿಯುತ್ತೆ" ಎಂದು ಗಂಡ ರೇಗಿಸುತ್ತಿದ್ದ. ಆದರೂ ವರ್ಷವಿಡೀ ತನ್ನ ಶನಿವಾರದ ರಜೆ ಬಿಟ್ಟು ಶಾಲೆಗೆ ಬಂದು ಪ್ರಯೋಗ ಹೇಳಿಕೊಡುತ್ತಿದ್ದಳು. ಈ ಸಲದ ರಜೆಗೆ ಒಂದು ಮಗುವನ್ನು ತನ್ನ ಲ್ಯಾಬಿಗೆ ಕರೆದೊಯ್ದು ಕೆಲಸ ಕಲಿಸಲು ಮೇಲಿನವರ ಜೊತೆ ಜಗಳವಾಡಿ ಒಪ್ಪಿಗೆ ತಂದಿದ್ದಳು. ಜಾಣ ಮಕ್ಕಳು ಅವಳಿಗೆ ಬೇಕಿರಲಿಲ್ಲ; ಕಂಡದ್ದನ್ನು ಕಂಡ ಹಾಗೆ ಹೇಳುವ ಮಗು ಬೇಕಿತ್ತು.

ಆ ದಿನ ಮಕ್ಕಳು ಗುಂಪುಗುಂಪಾಗಿ ನೀರು ಕಾಯಿಸಿ, ಕುದಿಯುವಾಗ ಎಷ್ಟು ಡಿಗ್ರಿ ಎಂದು ಕರಿಹಲಗೆಯ ಮೇಲೆ ಬರೆಯಬೇಕಿತ್ತು. ಅದು ಎತ್ತರದ ಊರು. ಅಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಮಕ್ಕಳೇ ಕಂಡುಕೊಳ್ಳಲಿ ಎಂದು ನೀರಮ್ಮ ಬಾಯಿಗೆ ಬೀಗ ಹಾಕಿಕೊಂಡು, ತರಗತಿಯನ್ನು ಮೇಷ್ಟ್ರಿಗೆ ಒಪ್ಪಿಸಿ, ದೀಪಗಳಿಗೆ ಸ್ಪಿರಿಟ್ ತರಲು ಸ್ಟೋರ್ ರೂಮಿಗೆ ಹೋದಳು.

ಬಂದು ನೋಡಿದರೆ ಹಲಗೆಯ ತುಂಬ ನೂರು, ನೂರು, ನೂರು. ಒಂದು ಕಡೆ ಮಾತ್ರ ಅರೆಬರೆ ಒರೆಸಿದ ತೊಂಬತ್ತೇಳು, ಅದರ ಮೇಲೆ ವಿಜ್ಞಾನದ ಮೇಷ್ಟ್ರ ದುಂಡಗಿನ ಬರಹದಲ್ಲಿ ನೂರು. ಮೇಷ್ಟ್ರ ಅಂಗೈಗೆ ಚಾಕ್‌ಪುಡಿ ಇನ್ನೂ ಅಂಟಿತ್ತು. ಪುಸ್ತಕದಲ್ಲಿರುವುದು ನೂರು, ಪರೀಕ್ಷೆಗೆ ಬೇಕಾದ್ದೂ ನೂರೇ ಎಂದರು ಅವರು. ನೀರಮ್ಮ ಹತ್ತಿರದ ಬೀಕರ್ ಮುಟ್ಟಿದಳು. ತಣ್ಣೀರು! ಉತ್ತರ ಗೊತ್ತಿರುವಾಗ ಬೆಂಕಿ ಯಾಕೆ ಎಂದು ಆ ಗುಂಪಿನವರು ದೀಪವನ್ನೇ ಹಚ್ಚಿರಲಿಲ್ಲ.

ಅವಳ ಮೈಯೆಲ್ಲ ಉರಿದುಹೋಯಿತು. ಥೂ, ಇದೂ ಒಂದು ಪಾಠವೇ! ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ; ಇಲ್ಲಿ ಹಾಗೆ ಒದೆಯುವುದಕ್ಕೆ ಸಂಬಳ ಬೇರೆ. ವರ್ಷವೆಲ್ಲ ಹುಡುಕಿದ ಮಗು ಇಲ್ಲೇ ಎಲ್ಲೋ ಕೂತಿದೆ! ಹಲಗೆಗೆ ಪಟಪಟ ಬಡಿದು ಕಿರುಚಿದಳು:

"ತೊಂಬತ್ತೇಳು ಅಂತ ಬರೆದಿದ್ದು ಯಾರು? ಎದ್ದು ನಿಂತ್ಕೊಳ್ಳಿ!"

ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದಳು. ಕೇಳುವ ಮೊದಲೇ ಏಟಿಗೆಂದು ಅಂಗೈ ಮುಂದೆ ಚಾಚಿದಳು. ಅವಳ ಮುಂದಿನ ಬೀಕರಿನಲ್ಲಿ ನೀರು ಕೊತಕೊತ ಕುದಿಯುತ್ತಲೇ ಇತ್ತು. ಮೇಷ್ಟ್ರಿಗೆ ತಾಗಬೇಕಿದ್ದ ಏಟು ಯಾರಿಗೆ ಬಿತ್ತೆಂದು ನೀರಮ್ಮನಿಗೆ ಆಗ ಹೊಳೆಯಿತು. ನನ್ನ ಕೋಪಕ್ಕಿಷ್ಟು ಬೆಂಕಿ ಹಾಕ ಎಂದುಕೊಂಡು, ದನಿ ತಗ್ಗಿಸಿ, ಎಷ್ಟಿದೆ ಓದಮ್ಮ ಎಂದಳು.

ಹುಡುಗಿ ಥರ್ಮಾಮೀಟರಿನ ಕಡೆ ಕಣ್ಣೇ ಹಾಯಿಸಲಿಲ್ಲ. ಮೇಷ್ಟ್ರ ಮುಖ ನೋಡಿದಳು, ನೀರಮ್ಮನ ಮುಖ ನೋಡಿದಳು.

"ತಪ್ಪಾಯ್ತು ಮೇಡಂ. ನೂರು."