ಇಲಿ ಯಾರ ಕಡೆಯದು?

ಕಳೆದ ಶ್ರಾವಣದ ಮೊದಲ ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಗೋಕಾಕದ ಒಂದು ಬಾಡಿಗೆ ಮನೆಯ ಅಡಿಗೆಕೋಣೆಯಲ್ಲಿ, ಒಲೆಯಿಂದ ಎರಡೂವರೆ ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣ, ಮರುಕ್ಷಣ ನಾನು ಅಲ್ಲಿರಲಿಲ್ಲ. ಗ್ಯಾಸ್ ಸಿಲಿಂಡರಿನ ಮೇಲಿದ್ದೆ. ಹತ್ತಿದ್ದು ನೆನಪಿಲ್ಲ, ಆದ್ದರಿಂದ ಅದರ ಬಗ್ಗೆ ಹೇಳಿಕೆ ಕೊಡಲಾರೆ.

ನಡೆದದ್ದು ಇಷ್ಟು. ಹೊಸ ಮನೆ ಹೊಕ್ಕವರೆಲ್ಲ ಮಾಡುವಂತೆ ಹಾಲು ಉಕ್ಕಿಸಿದೆವು. ಉಕ್ಕಿದ ಹಾಲು ಕಟ್ಟೆಯ ಮೇಲೆ ಹರಿಯಿತು. ಗೋಡೆಯ ಮೂಲೆಯಿಂದ ಒಂದು ಇಲಿ ಇಳಿದು ಬಂದು, ಅವಸರವಿಲ್ಲದೆ ಅದನ್ನು ನೆಕ್ಕಿ, ಮೀಸೆ ಒರೆಸಿಕೊಂಡು ಹೋಯಿತು. ಒರೆಸಿಕೊಂಡದ್ದು ಬಲ ಮುಂಗಾಲಿನಿಂದ. ನಾವಿನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.

ಹೆಂಡತಿ ಶಾಂತಾ ಪಾತ್ರೆ ಕೆಳಗಿಡದೆಯೇ ತೀರ್ಪು ಕೊಟ್ಟಳು. “ರವಿವಾರದ ತನಕ ನೋಡ್ತೇನಿ. ಆಮ್ಯಾಲ ಇಲ್ಲಿ ಇಲಿಯರ ಇರಬೇಕು, ಇಲ್ಲಾ ನಾನರ ಇರಬೇಕು. ಯಮಕನಮರಡಿಗೆ ಬಸ್ ಭಾಳ ಅದಾವು.” ಯಮಕನಮರಡಿ ಅವಳ ತವರು. ನಾನು ಹೇಗಿದ್ದರೂ ಇಲಿಯ ಜೊತೆ ಉಳಿಯುವವನೆಂದು ಅವಳು ನಿಶ್ಚಯಿಸಿದಂತಿತ್ತು.

ಮಾಲಕರಾದ ಈರಪ್ಪ ಕಾಕಾ ಮತ್ತು ಗಂಗವ್ವ ಕಾಕು ಮೊದಲು ಈ ಮನೆಯಲ್ಲೇ ಇದ್ದು, ಈಗ ಮಾಳಿಗೆಗೆ ಹೋದವರು. ಕಾಕಾರ ಬಾಯಲ್ಲಿ ಹಲ್ಲಿಲ್ಲ. ಕಟ್ಟಿಸಿಕೊಂಡ ಸೆಟ್ಟು ಎರಡು ವರ್ಷದ ಹಿಂದೆ ಕಳೆದಿತ್ತು. ಮೂಡಲಗಿಯ ತಮ್ಮ ಬಂದು ಹೋದ ದಿನವೇ ಕಳೆದದ್ದರಿಂದ, ಅವನೇ ಒಯ್ದನೆಂದು ಮಾತು ಬಿಟ್ಟಿದ್ದರು. ಇನ್ನೊಬ್ಬರ ಹಲ್ಲನ್ನು ಒಬ್ಬ ಮನುಷ್ಯ ಏಕೆ ಒಯ್ಯುತ್ತಾನೆಂದು ಯಾರೂ ಕೇಳಿರಲಿಲ್ಲ. ಗೋಕಾಕದಲ್ಲಿದ್ದೂ ಕರದಂಟು ಅಗಿಯಲಾಗದವನ ಸಿಟ್ಟಿನ ಮುಂದೆ ಕೇಳುವುದೂ ಕಷ್ಟ. ಹೊಸ ಸೆಟ್ಟು ಮಾಡಿಸಿದರೆ ತಮ್ಮ ಗೆದ್ದಂತೆ ಎಂದು ಅದನ್ನೂ ಮಾಡಿಸಿರಲಿಲ್ಲ.

ಇಲಿಯ ಮಾತು ತೆಗೆದಾಗ ಕಾಕಾ, “ನಮ್ಮ ಮನ್ಯಾಗ ಇಲಿನ ಇಲ್ರಿ. ನಿಮ್ಮ ಸಾಮಾನಿನ ಜೋಡಿ ಬಂದೈತಿ. ಹಾಲು ಉಕ್ಕಿಸಿದವರು ನೀವು, ಕುಡದಿದ್ದು ಅದು. ಅಂದಮ್ಯಾಲ ನಿಮ್ಮ ಮಂದಿನ ಅಲ್ಲೇನ್ರಿ?” ಎಂದರು. ಆ ತರ್ಕದಲ್ಲಿ ನನಗೆ ದೋಷ ಕಾಣಲಿಲ್ಲ.

ಶನಿವಾರ ಹುಕ್ಕೇರಿಗೆ ಹೋಗಿ ವಕೀಲ ಗೆಳೆಯನನ್ನು ಕೇಳಿದೆ. “ನೀ ಬರೂಕಿಂತ ಮೊದಲ ಇಲಿ ಇತ್ತಂದ್ರ, ಬಂದೋಬಸ್ತ್ ಮಾಡ್ರಿ ಅಂತ ಮಾಲಕರನ್ನ ಕೇಳೂ ಹಕ್ಕು ನಿಂದು. ಫೋಟೋ ತಗಿ, ಬರದು ಕೊಡು. ಆದ್ರ ಮೊದಲ ಇತ್ತು ಅನ್ನಾಕ ಪುರಾವೆ ಬೇಕಲೇ,” ಎಂದ. ನನ್ನ ವಾಸಕ್ಕೆ ಕರಾರುಪತ್ರವಿತ್ತು. ಇಲಿಯ ಬಳಿ ಅಂಥದ್ದೇನೂ ಇರಲಾರದೆಂದು ದಾರಿಯುದ್ದಕ್ಕೂ ಕೊರಗಿದೆ.

ರವಿವಾರ ಹನ್ನೊಂದಕ್ಕೆ, ಮಾಲಕರಿಬ್ಬರ ಸಮಕ್ಷಮ, ಇಲಿ ಇಳಿದು ಬಂದ ಮೂಲೆಯ ಮೇಲಿನ ಅಟ್ಟ ಖಾಲಿ ಮಾಡಿದೆವು. ಏಣಿಯ ಮೂರನೆಯ ಮೆಟ್ಟಿಲ ಮೇಲೆ ನಾನು. ಏಣಿ ಹಿಡಿದವಳು ಶಾಂತಾ. ಅವಳ ಚೀಲ ಬಾಗಿಲಲ್ಲಿ ಸಿದ್ಧವಾಗಿತ್ತು. ಮೂಲೆಯ ಬಿಲದ ಬಾಯಲ್ಲಿ ಸೀರೆಯ ಚೂರು, ಕರದಂಟಿನ ಕಾಗದ, ಅವುಗಳ ನಡುವೆ ಗುಲಾಬಿ ವಸಡಿನ ಹಲ್ಲಿನ ಸೆಟ್ಟೊಂದು ನನ್ನನ್ನು ನೋಡಿ ನಗುತ್ತಿತ್ತು.

“ಅಯ್ಯ ಶಿವನ! ಇವು ನಿಮ್ಮ ಹಲ್ಲ ಅಲ್ಲೇನ್ರಿ?” ಎಂದರು ಕಾಕು. “ಪಾಪ, ಮೈದುನ ಎರಡ ವರ್ಷ ನಮ್ಮ ಹೊಸ್ತಿಲಾ ತುಳಿದಿಲ್ಲ!”

ಇಲಿ ನಮಗಿಂತ ಎರಡು ವರ್ಷ ಮೊದಲಿನದೆಂದು ನಾನು ವಾದಿಸಬೇಕಾಗಲಿಲ್ಲ. ಮಧ್ಯಾಹ್ನವೇ ಸಿಮೆಂಟು ಬಂದು ಬಿಲ ಮುಚ್ಚಿತು. ಮೂಡಲಗಿಗೆ ಫೋನೂ ಹೋಯಿತು. ತಮ್ಮ ಏನೆಂದನೋ ತಿಳಿಯದು. ಕಾಕಾ ಒಂದೇ ಸಮನೆ “ಖರೆ ಐತಿ, ಖರೆ ಐತಿ” ಎನ್ನುತ್ತಿದ್ದರು. ಸೆಟ್ಟನ್ನು ಮೂರು ಸಲ ಬಿಸಿನೀರಲ್ಲಿ ತೊಳೆದು ಹಾಕಿಕೊಂಡರು. ಶಾಂತಾ ಚೀಲ ಬಿಚ್ಚಿದಳು.

ಇದನ್ನೆಲ್ಲ ಕಂಡ ಶಾಂತಾ, ಗಂಗವ್ವ ಕಾಕು, ಈರಪ್ಪ ಕಾಕಾ ಮೂವರೂ ಬದುಕಿದ್ದಾರೆ, ಬೇಕಾದವರು ವಿಚಾರಿಸಬಹುದು. ನಾಲ್ಕನೆಯ ಸಾಕ್ಷಿ ನಮ್ಮ ಮನೆಯಲ್ಲಿ ಮತ್ತೆ ಕಂಡಿಲ್ಲ. ಆದರೂ ಅದು ಬದುಕಿದೆಯೆಂದು ಪ್ರಮಾಣ ಮಾಡಬಲ್ಲೆ. ಮೊನ್ನೆ ಬೆಳಿಗ್ಗೆ ಏಳೂಕಾಲಿಗೆ ನಾನು ಅಂಗಳದಲ್ಲಿ ನಿಂತಿದ್ದಾಗ, ಮಾಳಿಗೆಯಿಂದ ಕಾಕಾರ ಕೂಗು ಕೇಳಿತು: “ಏ ಗಂಗವ್ವಾ, ನನ್ನ ಹಲ್ಲ ಎಲ್ಲಿ ಅದಾವ?”