ಹಾಡಿನ ಮೊದಲು ಕಳೆದುಹೋದ ವಾರ

ಟಣ್, ಟಣ್, ಟಣ್. ಸುವಾ ಪಟ್ಟಣದ ರೈವಾಂಗಾ ಬಡಾವಣೆಯ ಆ ಓಣಿಗೆ ಬೆಳಗಾದದ್ದು ತಿಳಿಯುವುದು ಕೋಳಿ ಕೂಗಿನಿಂದಲ್ಲ, ವಿಲಿಮೈನಾಳ ಕಬ್ಬಿಣದ ಒರಳಿನಿಂದ. ಪುಡಿಮಾಡಿ ನೀರಲ್ಲಿ ಕದಡಿ ಕುಡಿಯುವ ಯಂಗೋನದ ಒಣಗಿದ ಬೇರು ಗಟ್ಟಿಯಾಗಿರುವಷ್ಟು ಹೊತ್ತು ಸದ್ದು ಗಂಟೆಯ ಹಾಗೆ ಕೇಳುತ್ತದೆ. ಬೇರು ನುರಿದು ಪುಡಿಯಾದಂತೆ ಸದ್ದೂ ಮೆತ್ತಗಾಗುತ್ತದೆ. ಹಾಸಿಗೆಯಲ್ಲಿದ್ದವರು ಅದನ್ನು ಕೇಳಿಯೇ ಏಳಬೇಕೋ, ಇನ್ನೊಂದು ಮಗ್ಗುಲು ತಿರುಗಬಹುದೋ ಎಂದು ಲೆಕ್ಕ ಹಾಕುತ್ತಾರೆ. ಭಾನುವಾರ ಅವಳು ಕುಟ್ಟುವುದಿಲ್ಲ. ಅದಕ್ಕೇ ಭಾನುವಾರ ಅರ್ಧ ಓಣಿ ಚರ್ಚಿಗೆ ತಡವಾಗಿ ಹೋಗುತ್ತದೆ.

ವಿಲಿಮೈನಾ ದಪ್ಪ ಹೆಂಗಸು. ಕಿವಿಯ ಹಿಂದೆ ದಾಸವಾಳ ಸಿಕ್ಕಿಸಿಕೊಂಡು, ಪುಡಿಯ ಪೊಟ್ಟಣಗಳ ಬುಟ್ಟಿ ಹಿಡಿದು ಬಸ್ಸು ಹತ್ತಿದಳೆಂದರೆ ಎರಡು ಸೀಟು ಅವಳಿಗೇ. ಸುವಾದ ಮಾರುಕಟ್ಟೆ ಮಹಡಿಯಲ್ಲಿ ಅವಳ ಕಟ್ಟೆ. ಪೊಟ್ಟಣ ಕೊಳ್ಳಲು ಬಂದವರಲ್ಲಿ ಕೆಲವರು ಕೊಂಡಾದ ಮೇಲೂ ಅಲ್ಲೇ ನಿಂತು ಕಾಲಿನಿಂದ ನೆಲ ಕೆರೆಯುತ್ತಾರೆ. ಅವಳಿಗೆ ಅಷ್ಟು ಸಾಕು. "ಏನು ಕಳೀತು?" ಎನ್ನುತ್ತಾಳೆ.

ಮಾಟ ಮಂತ್ರ ಅವಳಿಗೆ ಬರುವುದಿಲ್ಲ. ಯಾರಾದರೂ ಆ ಮಾತು ಎತ್ತಿದರೆ ತಾನು ಚರ್ಚಿನಲ್ಲಿ ಎರಡನೇ ಸಾಲಿನಲ್ಲಿ ಕೂರುವವಳು ಎಂದು ನೆನಪಿಸುತ್ತಾಳೆ. ಅವಳಿಗೆ ಗೊತ್ತಿರುವುದು ಇಷ್ಟೇ: ಹಳ್ಳಿಯಿಂದ ಜನ ಪಟ್ಟಣಕ್ಕೆ ಬರುವಾಗ ಚಾಪೆ, ಪಾತ್ರೆಗಳ ಜೊತೆ ತಮಗೇ ತಿಳಿಯದ ಹಾಗೆ ತಮ್ಮ ಊರು ಕಟ್ಟಿ ಎಂದೋ ತೀರಿಹೋದ ಮೂಲದ ಅಜ್ಜಂದಿರನ್ನೂ ಕರೆತಂದಿರುತ್ತಾರೆ. ಆ ಅಜ್ಜಂದಿರು ಯಾವುದೋ ಮೋರಿಯ ಕೆಳಗೋ, ನೀರಿನ ಟ್ಯಾಂಕಿನ ಹಿಂದೋ ಬಿಡಾರ ಹೂಡಿರುತ್ತಾರೆ. ಅವರಿಗೆ ಕೋಪ ಬಂದರೆ ಏನಾದರೂ ಎತ್ತಿಟ್ಟುಕೊಳ್ಳುತ್ತಾರೆ. ಯಾರ ಬಳಿ ಹೋಗಿ, ಹೇಗೆ ಕೂತು, ಏನು ಕೇಳಬೇಕು ಎಂಬುದು ವಿಲಿಮೈನಾಳಿಗೆ ತಾಯಿಯಿಂದ ಬಂದದ್ದು, ಒರಳು ಬಂದ ಹಾಗೆಯೇ.

ಆ ಸೋಮವಾರ ಕಾಲು ಕೆರೆಯುತ್ತ ನಿಂತವಳು ಮಕೆರೇತಾ. ಅವಳನ್ನು ನೋಡಿ ವಿಲಿಮೈನಾಳಿಗೆ ಅಚ್ಚರಿಯಾಯಿತು. ಮಕೆರೇತಾ ಚರ್ಚಿನ ಗಾಯಕರ ತಂಡದಲ್ಲಿ ಹಾಡು ಎತ್ತಿಕೊಡುವವಳು. ಅಲ್ಲಿ ವಾದ್ಯವಿಲ್ಲ, ಪೀಪಿಯಿಲ್ಲ. ಒಬ್ಬಳು ಹೆಂಗಸು ಒಂಟಿಯಾಗಿ ಮೊದಲ ಸಾಲು ಎತ್ತುತ್ತಾಳೆ. ಆ ಎಳೆ ಹಿಡಿದು ಹೆಂಗಸರು ಸೇರುತ್ತಾರೆ, ಕೊನೆಗೆ ಗಂಡಸರ ದಪ್ಪ ದನಿ ನೆಲದಿಂದ ಎದ್ದಂತೆ ಏಳುತ್ತದೆ. ಅವಳು ಎತ್ತದಿದ್ದರೆ ನೂರು ಜನ ಬಾಯಿ ತೆರೆದು ನಿಂತಿರಬೇಕಾದ್ದೇ. ಹರೆಯದಿಂದ ಆ ಕೆಲಸ ಮಕೆರೇತಾಳದ್ದು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇಷ್ಟು ದೊಡ್ಡ ಪಟ್ಟಣದಲ್ಲಿ ಅವಳು ಯಾರು ಎಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಅದೊಂದೇ.

ಅವಳು ಹೇಳಿದ್ದು ಹೀಗೆ. ಹಿಂದಿನ ವಾರದಿಂದ ಹಾಡುಗಳ ಮೊದಲ ಸಾಲುಗಳೆಲ್ಲ ಮಾಯವಾಗಿವೆ. ನಡುವಿನದು ಇದೆ, ಕೊನೆಯದು ಇದೆ. ಬೇರೆ ಯಾರಾದರೂ ಎತ್ತಿಕೊಟ್ಟರೆ ತಪ್ಪಿಲ್ಲದೆ ಹಾಡುತ್ತಾಳೆ. ಎತ್ತಲು ಹೋದರೆ ಮಾತ್ರ ಬಾಗಿಲಿದ್ದ ಜಾಗದಲ್ಲಿ ಬರೀ ಗೋಡೆ. ಶನಿವಾರ ದ್ವೀಪಗಳ ತಂಡಗಳೆಲ್ಲ ಸೇರುವ ದೊಡ್ಡ ಸ್ಪರ್ಧೆ. ತಂಡದ ಮುಖ್ಯಸ್ಥ ಸೈರುಸಿ ಒಳ್ಳೆಯವನು. ಅವಳ ಕೈ ಹಿಡಿದು, ಈ ಸಲ ನಮ್ಮ ತಂಡದ ಲೋಸಾನಾ ಎತ್ತಲಿ, ನೀವು ಹಿಂದಿನ ಸಾಲಿನಲ್ಲಿ ಆರಾಮವಾಗಿರಿ ಎಂದಿದ್ದ.

"ಆರಾಮ," ಎಂದಳು ಮಕೆರೇತಾ. "ಒಂದ್ಸಲ ಹಿಂದಿನ ಸಾಲಿಗೆ ಹೋದೋರು ಮುಂದಕ್ಕೆ ಬಂದಿದ್ದು ನೋಡಿದೀರಾ ವಿಲಿ? ಅಲ್ಲಿಂದ ಮುಂದೆ ಸ್ಮಶಾನವೇ."

"ಅಲ್ಲೂ ಹಾಡು ಎತ್ತೋಕೆ ಒಬ್ರು ಬೇಕಾಗತ್ತಲ್ಲ," ಎಂದಳು ವಿಲಿಮೈನಾ. ಅವಳ ಸಮಾಧಾನದ ರೀತಿ ಹಾಗೆ.

ಆಮೇಲೆ ತನ್ನ ಪ್ರಶ್ನೆಗಳನ್ನು ಶುರುಮಾಡಿದಳು. ಏನು ತಿಂದೆ, ಎಲ್ಲಿ ಕೂತೆ, ಯಾರ ಮನೆಯ ಅಂಗಳ ದಾಟಿದೆ. ಮಕೆರೇತಾ ತಿಂದದ್ದು ಬೇಯಿಸಿದ ಮರಗೆಣಸು, ಡಬ್ಬಿ ಮೀನು. ದಾಟಿದ ಅಂಗಳ ಒಂದೂ ಇಲ್ಲ. ಕೂತದ್ದು ಬಸ್‌ ನಿಲ್ದಾಣದ ಹಿಂದಿನ ಆಲದ ಮರದ ಕೆಳಗಿನ ಬೆಂಚಿನಲ್ಲಿ. ಕಟ್ಟೆಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ ವಿಲಿಮೈನಾ ಎದ್ದಳು.

ಆಲದ ಕೆಳಗೆ ಬೂಟು ಪಾಲಿಶ್ ಮಾಡುವ ಕಿತಿಯೋನೆ ಇದ್ದ. ಜೋಕು ಹೇಳುವುದರಲ್ಲಿ ಅವನ ಸಮಾನರಿಲ್ಲ. ಜೋಕು ಮುಗಿಯದೆ ಎಡಗಾಲಿನ ಬೂಟು ಮುಗಿಯುವುದಿಲ್ಲ. ಈಗ ಕೆಲವು ದಿನಗಳಿಂದ ಅವನಿಗೆ ಒಂದು ಜೋಕಿನ ಮೊದಲೂ ನೆನಪಿಲ್ಲವಂತೆ. ಹಾಗಾಗಿ ಕೊನೆಯ ಸಾಲನ್ನಷ್ಟೇ ಹೇಳುತ್ತಿದ್ದ. "ಅದಕ್ಕೆ ಪಾದ್ರಿ ಅಂದ್ರು, ಹಾಗಾದ್ರೆ ಆ ಹಂದಿ ಯಾರ್ದು?" ಎಂದು ಹೇಳಿ ಕೈ ಚೆಲ್ಲಿದರೆ ಗಿರಾಕಿಗಳು ಮೊದಲಿಗಿಂತ ಹೆಚ್ಚು ನಗುತ್ತಿದ್ದರು. ಅದೇ ಅವನಿಗೆ ಅವಮಾನವಾಗಿತ್ತು.

ಎದುರು ಅಂಗಡಿಯ ದರ್ಜಿ ಮಗನ್‌ಲಾಲನ ಕಥೆ ಇನ್ನೊಂದು. ಪಕ್ಕದ ಬಟ್ಟೆ ಅಂಗಡಿಯವನ ಜೊತೆ ಅವನು ಮಾತು ಬಿಟ್ಟು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಎದ್ದರೆ ಜಗಳ ಹೇಗೆ ಹುಟ್ಟಿತೆಂಬುದೇ ಹೊಳೆಯಲಿಲ್ಲ. ಬುಡವಿಲ್ಲದ ಜಗಳವನ್ನು ಎಷ್ಟು ದಿನ ಎತ್ತಿ ನಿಲ್ಲಿಸುವುದು? ಇಬ್ಬರೂ ಸೇರಿ ಚಹಾ ಕುಡಿಯುತ್ತಿದ್ದರು. ವಿಲಿಮೈನಾ ವಿಚಾರಿಸಲು ಹೋದಾಗ ಅವನು, ದಯವಿಟ್ಟು ಹುಡುಕಬೇಡಿ, ಇರುವುದೇ ಚೆನ್ನಾಗಿದೆ ಎಂದು ಬೇಡಿಕೊಂಡ.

ಮೂವರೂ ಒಂದೇ ದಿನ, ಒಂದೇ ಮಳೆಗೆ ಆ ಬೆಂಚಿನಲ್ಲಿ ಒತ್ತೊತ್ತಾಗಿ ಕೂತಿದ್ದರು. ಮೂವರಿಂದಲೂ ಹೋದದ್ದು ಮೊದಲುಗಳು. ಮರದಲ್ಲಿ ಯಾರೋ ಇದ್ದಾರೆ ಎಂಬುದು ವಿಲಿಮೈನಾಳಿಗೆ ಸ್ಪಷ್ಟವಾಯಿತು. ಯಾರು ಎಂದು ಕಿತಿಯೋನೆಯೇ ಹೇಳಿದ. ಅವನ ಊರು ನಾಸೋಕಿ. ಆ ಊರಿನವರು ಹಡಗುಕಟ್ಟೆಯ ಕೂಲಿಗೆಂದು ಬಂದಾಗ ಮೊದಲು ಬೀಡುಬಿಟ್ಟದ್ದು ಈ ಮರದ ಕೆಳಗೆ. ಅವರು ಗುಡಿಸಲು ಕಿತ್ತುಕೊಂಡು ಹೋದರು; ಅವರ ಅಜ್ಜ ಮಾತ್ರ ಉಳಿದುಬಿಟ್ಟ. ಇಲ್ಲಿ ಬೂಟು ಒರೆಸುವಾಗ ತನ್ನ ಬೆನ್ನಿಗೆ ಯಾವತ್ತೂ ತಂಪಾಗಿರುತ್ತದೆ ಎಂದ ಕಿತಿಯೋನೆ.

ವಿಲಿಮೈನಾ ತಾಯಿ ಕಲಿಸಿದಂತೆಯೇ ಮಾಡಿದಳು. ಬುಧವಾರ ಮಧ್ಯಾಹ್ನ ತನ್ನಲ್ಲಿದ್ದ ಅತಿ ಒಳ್ಳೆಯ ಯಂಗೋನ ಬೇರಿನ ಕಟ್ಟು ತಂದಳು. ಮಗಳ ಮದುವೆಗೆಂದು ಎತ್ತಿಟ್ಟದ್ದು ಅದು. ಮಕೆರೇತಾಳನ್ನು ಹಿಂದೆ ಕೂರಿಸಿ, ತಾನು ಮುಂದೆ ಚಾಪೆ ಹಾಸಿ ಕುಳಿತು, ಕಟ್ಟನ್ನು ಬೇರುಗಳ ನಡುವೆ ಇಟ್ಟು, ಅಂಗೈ ಬಟ್ಟಲು ಮಾಡಿ ಚಪ್ಪಾಳೆ ತಟ್ಟಿದಳು. ಸ್ಥಳದ ಹಿರಿಯರಿಗೆ ನಮಿಸಿ, ತಪ್ಪು ಒಪ್ಪಿ, ಕ್ಷಮೆ ಬೇಡುವ ಆ ಮಾತು ಅವಳಿಗೆ ಉಸಿರಾಟದಷ್ಟು ಸಲೀಸು. ಬಾಯಿ ತೆರೆದಳು. ಮೊದಲ ಪದ ಇರಲಿಲ್ಲ.

ಬಸ್ಸಿಗೆ ಕಾದವರೆಲ್ಲ ನೋಡುತ್ತಿದ್ದರು. ವಿಲಿಮೈನಾ ಒಮ್ಮೆ ಕೆಮ್ಮಿದಳು, ದಾಸವಾಳ ಸರಿಮಾಡಿಕೊಂಡಳು, ಕೊನೆಗೆ ವಿಧಿಯಿಲ್ಲದೆ ನಡುವಿನಿಂದಲೇ ಹಿಡಿದು ಕೊನೆ ಮುಟ್ಟಿಸಿದಳು. ಆಲ ಒಂದು ಎಲೆಯನ್ನೂ ಅಲ್ಲಾಡಿಸಲಿಲ್ಲ.

"ಈಗ ನಾನೂ ಬೆಂಚಿಗೆ ಸೇರಿದೆ," ಎಂದಳು ಮಕೆರೇತಾಳಿಗೆ. ನಕ್ಕಳಾದರೂ ಒಳಗೆ ಭಯವಾಗಿತ್ತು. ಇಂಥ ಕಾಣಿಕೆಯನ್ನು ಯಾವ ಅಜ್ಜನೂ ಈವರೆಗೆ ತಳ್ಳಿಹಾಕಿರಲಿಲ್ಲ. ಶನಿವಾರಕ್ಕೆ ಹೆಚ್ಚು ದಿನವಿರಲಿಲ್ಲ.

ಅವಳು ಮತ್ತೆ ಪ್ರಶ್ನೆಗಳಿಗೆ ಮರಳಿದಳು. ಮರದ ಎದುರು ದಿನವೂ ಹೇಗೆ ಹೋಗುತ್ತೀಯ ಎಂದು ಕೇಳಿದಳು. ಮಕೆರೇತಾ ಎದ್ದು ತೋರಿಸಿದಳು: ಬೆನ್ನು ಬಾಗಿಸಿ, ಕಣ್ಣು ನೆಲಕ್ಕೆ ನೆಟ್ಟು, ದಾಟುತ್ತೇನೆ ಕ್ಷಮಿಸಿ, ದಾಟುತ್ತೇನೆ ಕ್ಷಮಿಸಿ ಎಂದು ಪಿಸುಗುಡುತ್ತ. ಮದುವೆಯಾಗಿ ಪಟ್ಟಣಕ್ಕೆ ಬಂದ ಹೊಸದರಲ್ಲಿ ಅತ್ತೆ ಕಲಿಸಿದ ಮರ್ಯಾದೆ. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ.

"ನಿನ್ನ ಸ್ವಂತ ಊರು ಯಾವ್ದು?"

"ರೈವಾಂಗಾ."

"ಅದು ಎಲ್ರದ್ದೂ. ಅದಕ್ಕೆ ಮುಂಚೆ?"

ಮಕೆರೇತಾ ಹಿಂಜರಿದಳು. ಊರು ಬಿಟ್ಟ ಮೇಲೆ ಆ ಹೆಸರನ್ನು ಅವಳು ಬಾಯಲ್ಲಿ ಆಡಿದ್ದೇ ಕಡಿಮೆ. "ವೈಂಬುಲಾ," ಎಂದಳು ಮೆಲ್ಲಗೆ.

ಬೂಟಿನ ಬ್ರಷ್ ಕೆಳಗೆ ಬಿದ್ದ ಸದ್ದಾಯಿತು. ಈವರೆಗೆ ಅವಳ ಎದುರು ತಲೆ ತಗ್ಗಿಸಿಯೇ ಮಾತಾಡುತ್ತಿದ್ದ, ಬೂಬು ಎಂದು ಅಜ್ಜಿಗೆ ಕೊಡುವ ಗೌರವವನ್ನೇ ಕೊಡುತ್ತಿದ್ದ ಕಿತಿಯೋನೆ ಈಗ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

"ವೈಂಬುಲಾ! ಗೆಣಸು ಕಳ್ಳರ ವೈಂಬುಲಾ! ಏಡಿ ಹಿಡಿಯೋಕೆ ಹೋಗಿ ಏಡಿ ಕೈಲಿ ಸಿಕ್ಕಿಹಾಕ್ಕೊಳ್ಳೋ ಜನ! ಇಷ್ಟು ವರ್ಷ ನನ್ನ ಮುಂದೇನೇ ರಾಣಿ ಥರ ಓಡಾಡಿದೀಯಲ್ಲ, ನಾಚ್ಕೆ ಆಗಲ್ವಾ ತೌ?"

ಬಸ್ಸಿಗೆ ಕಾದವರು ತಿರುಗಿ ನೋಡಿದರು. ವಿಲಿಮೈನಾ ಮಾತ್ರ ಬೆಂಚಿನ ಮೇಲೆ ದೊಪ್ಪನೆ ಕುಳಿತು ಹಣೆ ಹಣೆ ಬಡಿದುಕೊಂಡಳು. ತೌ! ಎರಡು ಊರಿಗೆ ಒಬ್ಬನೇ ಮೂಲದ ಅಜ್ಜನಿದ್ದರೆ ಆ ಊರಿನವರು ಪರಸ್ಪರ ತೌ; ನಾಸೋಕಿ, ವೈಂಬುಲಾ ಅಂಥ ಊರುಗಳು. ತೌಗಳ ನಡುವೆ ಮರ್ಯಾದೆ ಎಂಬುದಿಲ್ಲ. ಕಂಡಲ್ಲಿ ಬೈಯಬೇಕು, ತಟ್ಟೆಯಲ್ಲಿರುವುದನ್ನು ಕೇಳದೆ ಎತ್ತಿಕೊಳ್ಳಬೇಕು, ಕಳೆದುಕೊಂಡವನು ನಗಬೇಕು. ಸಿಟ್ಟಾದವನು ಸೋತ ಹಾಗೆ. ಅಂಥ ಬಂಧುವಿನ ಎದುರು ಕ್ಷಮೆ ಕೇಳುತ್ತ ಬಗ್ಗಿ ನಡೆದರೆ, ನೀನು ನನಗೆ ಯಾರೂ ಅಲ್ಲ ಎಂದಂತೆ. ಈ ಅಜ್ಜ ಇಲ್ಲಿ ಒಬ್ಬನೇ ಕೂತು, ತನ್ನದೇ ವೈಂಬುಲಾ ಹುಡುಗಿ ಹೊಸ ಸೊಸೆಯಾಗಿ ಬಂದದ್ದನ್ನು ನೋಡಿದ್ದಾನೆ, ತಲೆ ನೆರೆತದ್ದನ್ನು ನೋಡಿದ್ದಾನೆ. ಇವತ್ತಾದರೂ ಶುರುಮಾಡುತ್ತಾಳೆ, ನಾಳೆಯಾದರೂ ಒಂದು ಬೈಗುಳ ಎಸೆಯುತ್ತಾಳೆ ಎಂದು ಕಾದಿದ್ದಾನೆ. ಅವಳು ಶುರುವೇ ಮಾಡಲಿಲ್ಲ. ಕಾದು ಸಾಕಾಗಿ ಶುರುಗಳನ್ನೇ ಕಿತ್ತುಕೊಂಡಿದ್ದಾನೆ. ಮಳೆಯಲ್ಲಿ ಪಕ್ಕದವರಿಗೂ ಹನಿ ಸಿಡಿದಂತೆ ಉಳಿದಿಬ್ಬರಿಗೂ ತಗುಲಿದೆ. ಇಂಥವನ ಮುಂದೆ ತಾನು ಹೋಗಿ ಚಾಪೆ ಹಾಸಿ ಕ್ಷಮೆ ಬೇಡಿದ್ದು! ಗಾಯಕ್ಕೆ ಉಪ್ಪು ಸವರಿದ್ದೂ ಅಲ್ಲದೆ ಹೇಗಿದೆ ಎಂದು ಕೇಳಿದ ಹಾಗಾಗಿತ್ತು.

"ಬೈಯಿ," ಎಂದಳು ವಿಲಿಮೈನಾ.

"ಯಾರನ್ನ?"

"ಮರನ. ಇನ್ಯಾರನ್ನ."

ಮಕೆರೇತಾಳ ಮುಖ ಕೆಂಪಾಯಿತು. ಅವಳು ಚರ್ಚಿನ ಹೆಂಗಸರ ಸಂಘದ ಅಧ್ಯಕ್ಷೆ. ಬೀದಿಯ ನಾಯಿಗೂ ಬಹುವಚನ ಹಾಕುವವಳು. ಆದರೂ ಹಿಂದಿನ ಸಾಲು ಕಣ್ಣ ಮುಂದೆ ಬಂದಿರಬೇಕು. ಮರದ ಎದುರು ನಿಂತಳು, ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕಣ್ಣಲ್ಲಿ ನೀರು ತುಂಬಿತು. ಬೈಗುಳಕ್ಕೂ ಒಂದು ಮೊದಲು ಬೇಕಲ್ಲ. ಅದೂ ಮರದೊಳಗೇ ಇತ್ತು. ತಾನು ಶುರುಮಾಡಿಕೊಡುತ್ತೇನೆ ಎಂದ ಕಿತಿಯೋನೆ. ವಿಲಿಮೈನಾ ತಡೆದಳು. ಅಜ್ಜ ಕಾದದ್ದು ಅವನಿಗಲ್ಲ. ತಾನು ಹೇಳಿಕೊಡುವಂತೆಯೂ ಇರಲಿಲ್ಲ. ತೌ ಅಲ್ಲದವಳು ಬೈದರೆ ಅದು ಬರೀ ಬೈಗುಳ.

ಮಕೆರೇತಾ ಕಣ್ಣೊರೆಸಿಕೊಂಡಳು. ಆಮೇಲೆ ಸೆರಗಿಲ್ಲದ ತನ್ನ ಉದ್ದ ಅಂಗಿಯನ್ನು ಎತ್ತಿ ಹಿಡಿದು, ಬಗ್ಗದೆ, ಕಣ್ಣು ತಗ್ಗಿಸದೆ, ಬೇರುಗಳ ನಡುವೆ ನೇರ ನಡೆದಳು. ವಿಲಿಮೈನಾ ಇಟ್ಟಿದ್ದ ಯಂಗೋನದ ಕಟ್ಟನ್ನು ಎತ್ತಿಕೊಂಡಳು. ಕೇಳಲಿಲ್ಲ, ನಮಿಸಲಿಲ್ಲ. ತನ್ನ ಕೈಚೀಲಕ್ಕೆ ತುರುಕಿ, ಹೊರಗೆ ಚಾಚಿಕೊಂಡ ಬೇರಿನ ತುದಿಯನ್ನು ಮೊಣಕೈಯಿಂದ ಒತ್ತಿ ಒಳಗೆ ತಳ್ಳಿದಳು.

ಗಾಳಿ ಇರಲಿಲ್ಲ. ಆದರೂ ಮೇಲಿಂದ ಒಂದು ಹಿಡಿ ಆಲದ ಹಣ್ಣು ಅವಳ ತಲೆಯ ಮೇಲೆ ಪಟಪಟನೆ ಬಿತ್ತು. ಬಾಚಿದ ನರೆಗೂದಲಲ್ಲಿ ಕೆಂಪು ಕೆಂಪಾಗಿ ಸಿಕ್ಕಿಕೊಂಡವು.

"ಅಷ್ಟೇನಾ?" ಎಂದಳು ಮಕೆರೇತಾ. ಮಾತು ಅವಳಿಗೇ ಅಚ್ಚರಿಯಾಗುವಂತೆ ತಾನೇ ಹೊರಟಿತ್ತು. "ನಾಸೋಕಿಯವರ ಗುರಿ ಯಾವಾಗ್ಲೂ ಹೀಗೇನೇ. ಆನೆ ಗಾತ್ರದೋಳು ಪಕ್ಕದಲ್ಲೇ ಕೂತಿದ್ರೂ ಅವಳಿಗೆ ಒಂದೂ ಬೀಳ್ಲಿಲ್ಲ ನೋಡು. ಕಳ್ಳ ಮುದುಕಾ, ನನ್ನ ಹಾಡು ಕದ್ಯಲ್ಲ, ನಿನಗೆ ಹಲ್ಲೇ ಇಲ್ಲ, ಏನು ಹಾಡ್ತಿದ್ದೆ ಅದನ್ನಿಟ್ಕೊಂಡು?"

ಮರವೆಲ್ಲ ಒಮ್ಮೆಗೇ ಅಲ್ಲಾಡಿತು. ತೊಡೆ ತಟ್ಟಿಕೊಂಡು ನಗುವ ಮುದುಕನ ಹಾಗೆ, ಬುಡದಿಂದ ತುದಿಯವರೆಗೆ. ಕಿತಿಯೋನೆ ನಕ್ಕು ನಕ್ಕು ಪಾಲಿಶ್ ಡಬ್ಬಿಯನ್ನು ಒದ್ದುಬಿಟ್ಟ. ಆ ಗದ್ದಲದ ನಡುವೆ ಮಕೆರೇತಾ ಇದ್ದಕ್ಕಿದ್ದಂತೆ ಕುತ್ತಿಗೆ ತುಸು ಎತ್ತಿದಳು, ಒಂದೇ ಒಂದು ಸ್ವರ ತೆಗೆದಳು. ತೆಳ್ಳಗೆ, ನೆಟ್ಟಗೆ. ಬಸ್ಸಿಗೆ ಕಾದಿದ್ದ ಯಾರೋ ಗಂಡಸೊಬ್ಬ ತನಗೆ ಅರಿವಿಲ್ಲದೆ ಅದರ ಕೆಳಗೆ ದಪ್ಪ ದನಿ ಸೇರಿಸಿದ.

ಶನಿವಾರ ಅವಳೇ ಎತ್ತಿದಳು. ಮೈದಾನದ ಆಚೆ ತುದಿಯಲ್ಲಿ ಅನಾನಸು ಮಾರುವವರೂ ಕೈ ನಿಲ್ಲಿಸಿದರು. ಬಹುಮಾನ ಬೇರೆ ದ್ವೀಪಕ್ಕೆ ಹೋಯಿತು; ಅದರ ಬಗ್ಗೆ ಸೈರುಸಿಯೊಬ್ಬನೇ ಬೇಸರಪಟ್ಟ.

ಸ್ಪರ್ಧೆ ಮುಗಿದ ಮೇಲೆ ಮಕೆರೇತಾ ಬಿಳಿ ಉಡುಪಿನಲ್ಲಿ ವಿಲಿಮೈನಾಳ ಬಳಿ ಬಂದು, ಎರಡೂ ಕೈ ಜೋಡಿಸಿ, ದೊಡ್ಡದೊಂದು ಉಪಕಾರ ಸ್ಮರಣೆಗೆ ತೊಡಗಿದಳು.

"ಅದೆಲ್ಲ ಬೇಡ," ಎಂದಳು ವಿಲಿಮೈನಾ. "ನನ್ನ ಬೇರು ವಾಪಸ್ ಕೊಡು. ಮಗಳ ಮದ್ವೆಗೆ ಇಟ್ಟಿದ್ದು."

"ಅದಾ?" ಮಕೆರೇತಾ ಎತ್ತಲೋ ನೋಡಿದಳು. "ತಾಲೀಮು ದಿನ ಕುಡಿದ್ವಲ್ಲ. ಗಂಡಸರ ದನಿ ಅಷ್ಟು ಚೆನ್ನಾಗಿ ಬಂದಿದ್ದು ಇನ್ನು ಹೇಗೆ ಅನ್ಕೊಂಡೆ? ಕದ್ದ ಮಾಲು ವಿಲಿ, ವಾಪಸ್ ಕೊಟ್ರೆ ಅಜ್ಜ ಬೇಜಾರು ಮಾಡ್ಕೋತಾನೆ."

ವಿಲಿಮೈನಾ ಅವಳನ್ನು ದಿಟ್ಟಿಸಿದಳು. ಈಚೆಗೆ ಈ ಹೆಂಗಸಿನ ಬಾಯಿ ಚುರುಕಾಗಿತ್ತು. ದಿನವೂ ಸಂಜೆ ಆಲದ ಬಳಿ ನಿಂತು ಅಭ್ಯಾಸ ಮಾಡುತ್ತಾಳೆಂದು ಕಿತಿಯೋನೆ ಹೇಳಿದ್ದ. ಅಷ್ಟರಲ್ಲಿ ರೈವಾಂಗಾ ಬಸ್ಸು ಹಾರ್ನ್ ಮಾಡಿತು. ವಿಲಿಮೈನಾ ಬುಟ್ಟಿ ಎತ್ತಿಕೊಂಡು, ಜನರನ್ನು ಎರಡೂ ಕಡೆಗೆ ಸರಿಸುತ್ತ, ಹಿಂದಿರುಗಿ ನೋಡದೆ ಹೇಳುತ್ತ ಹೊರಟಳು: "ಇನ್ನೊಂದ್ಸಲ ಆ ಮುದುಕ ಏನಾದ್ರೂ ಕದ್ದ ಅಂತ ನನ್ನ ಕಟ್ಟೆ ಹತ್ರ ಬಂದು ಕಾಲು ಕೆರೀತಾ ನಿಂತ್ಕೊಂಡ್ರೆ, ನೋಡು, ನಾನು ಮೊದಲು ನಿನ್ನ ಆ ಕೈಚೀಲ ಇಸ್ಕೊಂಡು, ಆಮೇಲೆ ನಿನ್ನ ಮಾತು ಕೇಳೋದು!"